ಬ್ರೌಸರ್ ರೀಸೆಟ್ ಮಾಡಿದ ಮೇಲೆ ‘ಎಲ್ಲಾ ಹೋಯ್ತು’ ಅನ್ನಿಸಿದರೆ: ಹಳೆಯ ಡೇಟಾ ಹುಡುಕಿ ತರುವ ದಾರಿ

ಫೈರ್‌ಫಾಕ್ಸ್ ಬ್ರೌಸರನ್ನು ರೀಸೆಟ್ (ಅದರ ಭಾಷೆಯಲ್ಲಿ ‘ರಿಫ್ರೆಶ್’) ಮಾಡಿದ ಮೇಲೆ ಡೆಸ್ಕ್‌ಟಾಪ್ ಮೇಲೆ ‘ಓಲ್ಡ್ ಫೈರ್‌ಫಾಕ್ಸ್ ಡೇಟಾ’ ಎಂಬ ಫೋಲ್ಡರ್ ಕಾಣಿಸುತ್ತಿದ್ದರೆ, ದಯವಿಟ್ಟು ಅದನ್ನು ಅಳಿಸಬೇಡಿ. ಉಳಿದದ್ದನ್ನು ಆಮೇಲೆ ಓದಿದರೂ ಆದೀತು, ಇದೊಂದನ್ನು ಈಗಲೇ ನೆನಪಿಡಿ. ‘ಇದೇನೋ ಬೇಡದ ಫೋಲ್ಡರ್’ ಎಂದು ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ, ಆಮೇಲೆ ನನ್ನ ಹತ್ತಿರ ಬಂದವರಿಗೆ ನಾನು ಏನೂ ಮಾಡಿಕೊಡಲು ಆಗಿಲ್ಲ. ಫೋಲ್ಡರ್ ಉಳಿಸಿಕೊಂಡು ಬಂದವರು ಹೆಚ್ಚುಕಡಿಮೆ ಎಲ್ಲವನ್ನೂ ವಾಪಸ್ ಒಯ್ದಿದ್ದಾರೆ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಕೆಲಸ. ಕಳೆದ ತಿಂಗಳು ತೋಳಹುಣಸೆಯ ವಿಶ್ವವಿದ್ಯಾಲಯದಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಲ್ಯಾಪ್‌ಟಾಪ್ ಎದೆಗೆ ಅವಚಿಕೊಂಡು ಬಂದಳು. “ಅಣ್ಣಾ, ಮೂರು ವರ್ಷದ ಟಿಪ್ಪಣಿ ಎಲ್ಲಾ ಹೋಗೈತಿ” ಅಂದವಳ ಕಣ್ಣಲ್ಲಿ ನೀರು. ಹರಿಹರೇಶ್ವರ ಗುಡಿಯ ಶಾಸನಗಳು, ಚಿತ್ರದುರ್ಗದ ಕೋಟೆ, ಚಂದ್ರವಳ್ಳಿ, ಹೀಗೆ ಊರೂರಿನ ಶಾಸನಗಳ ಸ್ಕ್ಯಾನ್ ಪ್ರತಿಗಳ ಕೊಂಡಿಗಳನ್ನು ಬುಕ್‌ಮಾರ್ಕ್ ಮಾಡಿಟ್ಟಿದ್ದಳು. ಅದಕ್ಕಿಂತ ಮುಖ್ಯವಾಗಿ, ಒಂದೊಂದು ಶಾಸನದ ಬಗ್ಗೆಯೂ ಬ್ರೌಸರಿನ ಒಂದು ಟಿಪ್ಪಣಿ ಎಕ್ಸ್‌ಟೆನ್ಶನ್‌ನಲ್ಲಿ (ಬ್ರೌಸರಿಗೆ ನಾವು ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಬರೆದುಕೊಂಡಿದ್ದಳು. ಏನನ್ನು ಹುಡುಕಿದರೂ ಯಾವುದೋ ಗೊತ್ತಿಲ್ಲದ ಜಾಹೀರಾತು ಪುಟ ತೆರೆಯುತ್ತಿದೆ ಎಂದು, ಗೆಳತಿ ಹೇಳಿದಂತೆ ಫೈರ್‌ಫಾಕ್ಸ್ ರಿಫ್ರೆಶ್ ಮಾಡಿದ್ದಾಳೆ. ತೊಂದರೆ ಹೋಗಲಿಲ್ಲ. ಇನ್ನೊಮ್ಮೆ ರಿಫ್ರೆಶ್ ಮಾಡಿದ್ದಾಳೆ. ಆಗಲೂ ಹೋಗಲಿಲ್ಲ, ಟಿಪ್ಪಣಿ ಮಾತ್ರ ಹೋದವು.

ಅವಳ ಲ್ಯಾಪ್‌ಟಾಪ್ ಸರಿಮಾಡುವಾಗ ಮಾಡಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಫೈಲುಗಳ ಹೆಸರನ್ನು ಉಚ್ಚಾರಣೆಯಂತೆ ಕೊಟ್ಟಿದ್ದೇನೆ, ಪರದೆಯ ಮೇಲೆ ಅವು ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತವೆ. ಹೇಳುವುದು ಮುಖ್ಯವಾಗಿ ವಿಂಡೋಸ್ ಮೇಲಿನ ಫೈರ್‌ಫಾಕ್ಸ್ ಬಗ್ಗೆ. ಕ್ರೋಮ್ ವಿಷಯ ಕೊನೆಯಲ್ಲಿದೆ.

ರಿಫ್ರೆಶ್ ಅಂದರೆ ನಿಜಕ್ಕೂ ಏನಾಗುತ್ತದೆ

ಫೈರ್‌ಫಾಕ್ಸ್ ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲವನ್ನೂ ‘ಪ್ರೊಫೈಲ್’ ಎಂಬ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ರಿಫ್ರೆಶ್ ಒತ್ತಿದಾಗ ಈ ಫೋಲ್ಡರನ್ನು ತೊಳೆದು ಶುಚಿ ಮಾಡುವುದಿಲ್ಲ. ಹೊಸ ಪ್ರೊಫೈಲ್ ಹುಟ್ಟುಹಾಕಿ, ಹಳೆಯದರಿಂದ ಆಯ್ದ ಕೆಲವನ್ನು ಮಾತ್ರ ಅದಕ್ಕೆ ತರುತ್ತದೆ. ಹಳೆಯದು ಇಡಿಯಾಗಿ ಡೆಸ್ಕ್‌ಟಾಪ್ ಮೇಲಿನ ಆ ಫೋಲ್ಡರಿಗೆ ಹೋಗಿ ಕೂರುತ್ತದೆ.

ಹೊಸದಕ್ಕೆ ಬರುವವು ಇವು: ಬುಕ್‌ಮಾರ್ಕ್, ಹಿಸ್ಟರಿ, ಪಾಸ್‌ವರ್ಡ್, ಕುಕಿಗಳು (ಲಾಗಿನ್‌ನಂಥದ್ದನ್ನು ನೆನಪಿಡಲು ಸೈಟ್‌ಗಳು ಇಡುವ ಸಣ್ಣ ಗುರುತು), ಫಾರಂ ತುಂಬುವಾಗ ನೆನಪಿಟ್ಟುಕೊಂಡ ಮಾಹಿತಿ, ನಿಮ್ಮ ಸ್ವಂತ ಪದಕೋಶ. ಬಾರದೆ ಉಳಿಯುವವು: ಎಕ್ಸ್‌ಟೆನ್ಶನ್‌ಗಳು, ಅವುಗಳ ಒಳಗಿನ ಡೇಟಾ, ಥೀಮ್, ಸೈಟ್‌ಗಳಿಗೆ ಕೊಟ್ಟ ಅನುಮತಿಗಳು, ಸೈಟ್‌ಗಳು ನಿಮ್ಮ ಯಂತ್ರದಲ್ಲಿ ಇಟ್ಟುಕೊಂಡ ಸಂಗ್ರಹ, ಬದಲಿಸಿಕೊಂಡ ಸೆಟ್ಟಿಂಗ್‌ಗಳು, ಸೇರಿಸಿದ ಸರ್ಚ್ ಎಂಜಿನ್‌ಗಳು, ಭದ್ರತಾ ಸರ್ಟಿಫಿಕೇಟ್‌ಗಳು ಮತ್ತು ಡಿಜಿಟಲ್ ಸಹಿಯ ಟೋಕನ್‌ಗಳ ಜೋಡಣೆ. ಕನ್ನಡದ ಕಾಗುಣಿತ ನಿಘಂಟು ಕೂಡ ಒಂದು ಆ್ಯಡ್‌ಆನ್. ನೀವು ಸೇರಿಸಿದ ಪದಗಳು ಉಳಿದರೂ ಆ ನಿಘಂಟನ್ನು ಮತ್ತೆ ಹಾಕಿಕೊಳ್ಳಬೇಕಾಗುತ್ತದೆ.

ವಿದ್ಯಾರ್ಥಿನಿಯ ಬುಕ್‌ಮಾರ್ಕ್ ಇದ್ದೂ ಟಿಪ್ಪಣಿ ಹೋದದ್ದಕ್ಕೆ ಕಾರಣ ಇದೇ. ಬುಕ್‌ಮಾರ್ಕ್ ಹೊಸ ಮನೆಗೆ ಬಂದವು. ಟಿಪ್ಪಣಿ ಎಕ್ಸ್‌ಟೆನ್ಶನ್ನಿನ ಹೊಟ್ಟೆಯಲ್ಲಿದ್ದವು, ಎಕ್ಸ್‌ಟೆನ್ಶನ್ ಹಳೆಯ ಮನೆಯಲ್ಲೇ ಉಳಿಯಿತು.

ಒತ್ತುವ ಮುಂಚೆ: ಇದು ರೀಸೆಟ್‌ನಿಂದ ಹೋಗುವ ಕಾಯಿಲೆಯೇ?

ಇದನ್ನು ತಿಳಿಯಲು ಒಂದು ಪರೀಕ್ಷೆ ಇದೆ. ಬೇರೆಲ್ಲಕ್ಕಿಂತ ಇದರ ಮೇಲೆ ನನಗೆ ನಂಬಿಕೆ ಹೆಚ್ಚು. ಮೇಲಿನ ವಿಳಾಸ ಪಟ್ಟಿಯಲ್ಲಿ ಅಬೌಟ್ ಎಂದು ಬರೆದು, ಕೋಲನ್ ಹಾಕಿ, ನಡುವೆ ಜಾಗ ಬಿಡದೆ ಪ್ರೊಫೈಲ್ಸ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ‘ಕ್ರಿಯೇಟ್ ಎ ನ್ಯೂ ಪ್ರೊಫೈಲ್’ ಒತ್ತಿ, ‘ಪರೀಕ್ಷೆ’ ಎಂದೋ ಏನೋ ಒಂದು ಹೆಸರು ಕೊಟ್ಟು, ಅದನ್ನು ಬೇರೆ ಕಿಟಕಿಯಲ್ಲಿ ತೆರೆಯಿರಿ. ಏನೂ ಇಲ್ಲದ ಖಾಲಿ ಫೈರ್‌ಫಾಕ್ಸ್ ಬರುತ್ತದೆ. ಅದರಲ್ಲೂ ಅದೇ ತೊಂದರೆ ಇದ್ದರೆ ರಿಫ್ರೆಶ್ ಮಾಡಿ ಪ್ರಯೋಜನವಿಲ್ಲ, ಯಾಕೆಂದರೆ ರಿಫ್ರೆಶ್ ನಿಮಗೆ ಕೊಡುವುದೂ ಇನ್ನೊಂದು ಹೊಸ ಪ್ರೊಫೈಲನ್ನೇ. ದೋಷ ಬ್ರೌಸರಿನ ಹೊರಗಿದೆ. ಪರೀಕ್ಷೆ ಮುಗಿದ ಮೇಲೆ ಅದೇ ಪುಟಕ್ಕೆ ಬಂದು, ನಿಮ್ಮ ಮೂಲ ಪ್ರೊಫೈಲ್ ಡೀಫಾಲ್ಟ್ ಆಗಿದೆಯೇ ಎಂದು ನೋಡಿ. ಆಗಿರದಿದ್ದರೆ ಅದರ ಕೆಳಗಿನ ‘ಸೆಟ್ ಆ್ಯಸ್ ಡೀಫಾಲ್ಟ್ ಪ್ರೊಫೈಲ್’ ಒತ್ತಿ.

ವಿದ್ಯಾರ್ಥಿನಿಯ ದೋಷ ಇದ್ದದ್ದು ಎರಡು ಕಡೆ. ಪಿಡಿಎಫ್ ಬದಲಿಸಿಕೊಡುತ್ತೇನೆಂದು ಹೇಳಿಕೊಳ್ಳುವ ಒಂದು ಎಕ್ಸ್‌ಟೆನ್ಶನ್ ಅವಳ ಹುಡುಕಾಟವನ್ನು ತಿರುಗಿಸುತ್ತಿತ್ತು. ಅದು ಮೊದಲ ರಿಫ್ರೆಶ್‌ನಲ್ಲೇ ಹೋಗಿತ್ತು. ಎರಡನೆಯದು ಫೈರ್‌ಫಾಕ್ಸಿನ ಶಾರ್ಟ್‌ಕಟ್‌ನಲ್ಲಿ. ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆದರೆ ‘ಟಾರ್ಗೆಟ್’ ಎಂಬ ಸಾಲು ಸಿಗುತ್ತದೆ. ಅದು ಫೈರ್‌ಫಾಕ್ಸ್ ಡಾಟ್ ಇಎಕ್ಸ್‌ಇ ಎಂಬಲ್ಲಿಗೆ, ಉದ್ಧರಣ ಚಿಹ್ನೆಯೊಂದಿಗೆ ಮುಗಿಯಬೇಕು. ಅವಳ ಯಂತ್ರದಲ್ಲಿ ಅದರ ಮುಂದೆ ಜಾಹೀರಾತು ಪುಟದ ವಿಳಾಸ ಅಂಟಿಕೊಂಡಿತ್ತು. ಬ್ರೌಸರ್ ತೆರೆದಾಗಲೆಲ್ಲ ಆ ಪುಟವೂ ತೆರೆಯುತ್ತಿತ್ತು, ಅವಳು ‘ಇನ್ನೂ ಹೋಗಿಲ್ಲ’ ಎಂದುಕೊಂಡು ಎರಡನೆಯ ಸಲ ರಿಫ್ರೆಶ್ ಮಾಡಿದಳು. ಆ ವಿಳಾಸವನ್ನು ಅಳಿಸಿ ‘ಅಪ್ಲೈ’ ಒತ್ತಿದ್ದೇ ತಡ, ತೊಂದರೆ ನಿಂತಿತು. ಡೆಸ್ಕ್‌ಟಾಪ್, ಸ್ಟಾರ್ಟ್ ಮೆನು, ಕೆಳಗಿನ ಟಾಸ್ಕ್‌ಬಾರ್ ಮೂರು ಕಡೆಯ ಶಾರ್ಟ್‌ಕಟ್‌ಗಳನ್ನೂ ನೋಡಬೇಕು, ಒಂದರಲ್ಲಿ ಉಳಿದರೂ ಕಾಟ ಉಳಿಯುತ್ತದೆ.

ರೀಸೆಟ್‌ಗೆ ಬಗ್ಗದ, ಇಲ್ಲವೇ ರೀಸೆಟ್ ಬೇಕೇ ಇಲ್ಲದ ಇನ್ನೂ ಕೆಲವು ನನ್ನ ಮೇಜಿಗೆ ಮತ್ತೆಮತ್ತೆ ಬರುತ್ತವೆ. ಜಗಳೂರು ಕಡೆಯ ಒಬ್ಬರು ಹಳೆಯ ಯಂತ್ರ ತಂದಿದ್ದರು, ಯಾವ ಸೈಟ್ ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಎನ್ನುತ್ತಿತ್ತು. ಕೆಳಗಿನ ಗಡಿಯಾರ 2009 ತೋರಿಸುತ್ತಿತ್ತು. ಸೈಟ್ ಅಸಲಿ ಎಂದು ತೋರಿಸುವ ಸರ್ಟಿಫಿಕೇಟ್‌ಗೆ ಶುರುವಿನ ದಿನ, ಕೊನೆಯ ದಿನ ಅಂತ ಇರುತ್ತವೆ. ಯಂತ್ರದ ದಿನಾಂಕ ತಪ್ಪಿದ್ದರೆ ಒಳ್ಳೆಯ ಸರ್ಟಿಫಿಕೇಟ್ ಕೂಡ ಸುಳ್ಳಾಗಿ ಕಾಣುತ್ತದೆ. ಮದರ್‌ಬೋರ್ಡಿನ ಮೇಲಿನ ಗುಂಡು ಸೆಲ್, ಸಿಆರ್2032, ಸತ್ತಿತ್ತು. ಕರೆಂಟ್ ಹೋದಾಗಲೆಲ್ಲ ದಿನಾಂಕ ಹಿಂದಕ್ಕೆ ಓಡುತ್ತಿತ್ತು. ಸೆಲ್ ಬದಲಿಸಿ, ದಿನಾಂಕ ಸರಿಮಾಡಿದ ಮೇಲೆ ಎಲ್ಲಾ ಸೈಟ್ ತೆರೆದವು.

ಪರದೆಯ ಮೂಲೆಯಲ್ಲಿ ‘ವೈರಸ್ ಬಂದಿದೆ’ ಎಂದು ಚೀಟಿಗಳು ಏಳುತ್ತಿದ್ದರೆ, ಸಾಮಾನ್ಯವಾಗಿ ಯಾವುದೋ ಸೈಟ್ ‘ನೋಟಿಫಿಕೇಶನ್ ಕಳಿಸಲೇ’ ಎಂದು ಕೇಳಿದಾಗ ‘ಅಲೋ’ ಒತ್ತಿದ್ದೀರಿ ಎಂದರ್ಥ. ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ ತೆರೆದು, ನೋಟಿಫಿಕೇಶನ್ ಅನುಮತಿಗಳ ಪಟ್ಟಿಯಿಂದ ಆ ಸೈಟನ್ನು ತೆಗೆದರೆ ಸಾಕು. ಇಷ್ಟಕ್ಕೆ ಇಡೀ ಬ್ರೌಸರನ್ನು ರೀಸೆಟ್ ಮಾಡಿಸಿಕೊಂಡು ಹಣ ಕೊಟ್ಟು ಬಂದವರನ್ನು ನೋಡಿ ನನಗೆ ಬೇಸರವಾಗಿದೆ.

ಒಂದೇ ಸೈಟ್ ಮಾತ್ರ ಕೈಕೊಡುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಪಿ ಒತ್ತಿ ಖಾಸಗಿ ಕಿಟಕಿಯಲ್ಲಿ ತೆರೆಯಿರಿ. ಅಲ್ಲಿ ಸರಿಯಾಗಿ ಬಂದರೆ ಆ ಸೈಟಿನ ಹಳೆಯ ಕುಕಿಯದೋ, ಯಾವುದಾದರೂ ಎಕ್ಸ್‌ಟೆನ್ಶನ್ನಿನದೋ ಕೆಲಸ. ವಿಳಾಸದ ಪಕ್ಕದ ಬೀಗದ ಗುರುತಿನಿಂದ ಆ ಒಂದು ಸೈಟಿನ ಕುಕಿ ಅಳಿಸಿ ನೋಡಿ. ಎಕ್ಸ್‌ಟೆನ್ಶನ್ ಮೇಲೆ ಅನುಮಾನವಿದ್ದರೆ ಶಿಫ್ಟ್ ಒತ್ತಿ ಹಿಡಿದು ಫೈರ್‌ಫಾಕ್ಸ್ ತೆರೆಯಿರಿ, ‘ಟ್ರಬಲ್‌ಶೂಟ್ ಮೋಡ್’ ಕೇಳುತ್ತದೆ. ಅದರಲ್ಲಿ ಎಕ್ಸ್‌ಟೆನ್ಶನ್‌ಗಳು ಮಲಗಿರುತ್ತವೆ, ಏನೂ ಅಳಿಯುವುದಿಲ್ಲ. ಅದೇ ಪೆಟ್ಟಿಗೆಯಲ್ಲಿ ‘ರಿಫ್ರೆಶ್’ ಗುಂಡಿಯೂ ಇರುತ್ತದೆ, ಗಡಿಬಿಡಿಯಲ್ಲಿ ಅದನ್ನು ಒತ್ತಬೇಡಿ.

ರಿಫ್ರೆಶ್ ಮಾಡಲೇಬೇಕಾದಾಗ

ಮೊದಲು ನಕಲು, ಆಮೇಲೆ ರಿಫ್ರೆಶ್. ಅಬೌಟ್, ಕೋಲನ್, ಸಪೋರ್ಟ್ ಪುಟದಲ್ಲಿ ‘ಪ್ರೊಫೈಲ್ ಫೋಲ್ಡರ್’ ಎಂಬ ಸಾಲಿನ ಮುಂದೆ ‘ಓಪನ್ ಫೋಲ್ಡರ್’ ಇರುತ್ತದೆ. ಅದನ್ನು ತೆರೆದಿಟ್ಟುಕೊಂಡು ಫೈರ್‌ಫಾಕ್ಸ್ ಪೂರ್ತಿ ಮುಚ್ಚಿ, ಒಂದು ಮೆಟ್ಟಿಲು ಮೇಲಕ್ಕೆ ಹೋಗಿ, ಆ ಪ್ರೊಫೈಲ್ ಫೋಲ್ಡರನ್ನು ಡಿ ಡ್ರೈವಿಗೋ ಪೆನ್‌ಡ್ರೈವಿಗೋ ಕಾಪಿ ಮಾಡಿ. ಬ್ರೌಸರ್ ಓಡುತ್ತಿರುವಾಗ ಮಾಡಿದ ನಕಲನ್ನು ನಂಬಬಾರದು, ಡೇಟಾ ಅರ್ಧ ಬರೆದ ಸ್ಥಿತಿಯಲ್ಲಿರಬಹುದು. ಎಕ್ಸ್‌ಟೆನ್ಶನ್ ಒಳಗೆ ಟಿಪ್ಪಣಿ, ಪಟ್ಟಿ, ಉಳಿಸಿದ ಟ್ಯಾಬ್‌ಗಳು ಇದ್ದರೆ ಅದರದೇ ‘ಎಕ್ಸ್‌ಪೋರ್ಟ್’ ಸೌಲಭ್ಯ ಬಳಸಿ ಮೊದಲು ಹೊರಗೆ ತೆಗೆದುಕೊಳ್ಳಿ. ಆಮೇಲೆ ಸಪೋರ್ಟ್ ಪುಟದ ‘ರಿಫ್ರೆಶ್ ಫೈರ್‌ಫಾಕ್ಸ್’ ಒತ್ತಿ.

ಎಷ್ಟೋ ಜನ ತಾವು ರಿಫ್ರೆಶ್ ಮಾಡಿಯೇ ಇಲ್ಲ ಎನ್ನುತ್ತಾರೆ, ಅವರು ಹೇಳುವುದು ಸುಳ್ಳಲ್ಲ. ಫೈರ್‌ಫಾಕ್ಸನ್ನು ಮತ್ತೆ ಇನ್‌ಸ್ಟಾಲ್ ಮಾಡುವಾಗ ‘ಹಳೆಯ ಆ್ಯಡ್‌ಆನ್ ತೆಗೆದು ಮೂಲ ಸೆಟ್ಟಿಂಗ್ ತರಲೇ’ ಎಂಬ ಒಂದು ಟಿಕ್ ಬರಬಹುದು. ಅದನ್ನು ಓದದೆ ಮುಂದೆ ಹೋದರೆ ಆಗುವುದೂ ರಿಫ್ರೆಶ್ಶೇ.

ಹಳೆಯ ಫೋಲ್ಡರಿನಿಂದ ತರುವುದು

ವಿದ್ಯಾರ್ಥಿನಿಯ ‘ಓಲ್ಡ್ ಫೈರ್‌ಫಾಕ್ಸ್ ಡೇಟಾ’ ತೆರೆದಾಗ ಒಳಗೆ ಎರಡು ಫೋಲ್ಡರ್ ಇದ್ದವು, ಎರಡು ಸಲ ರಿಫ್ರೆಶ್ ಆಗಿದೆಯಲ್ಲ. ಒಂದು 400 ಎಂಬಿ ದಾಟಿತ್ತು, ಇನ್ನೊಂದು 40 ಎಂಬಿ ಕೂಡ ಇರಲಿಲ್ಲ. ರಿಫ್ರೆಶ್‌ನಿಂದ ಹುಟ್ಟಿದ ಪ್ರೊಫೈಲಿನ ಹೆಸರಿನ ಕೊನೆಗೆ ಉದ್ದನೆಯ ಅಂಕಿಯೊಂದು ಅಂಟಿರುತ್ತದೆ. ಅಂಕಿ ಇಲ್ಲದ, ದೊಡ್ಡ ಫೋಲ್ಡರೇ ಅವಳ ಮೂರು ವರ್ಷದ್ದು. “ಇಲ್ಲೇ ಐತವ್ವಾ, ಅಳಬೇಡ” ಎಂದು ಹೇಳಿ, ಮೊದಲು ಅದನ್ನು ಡಿ ಡ್ರೈವಿಗೆ ನಕಲು ಮಾಡಿದೆ. ಮೂಲವನ್ನು ಮುಟ್ಟದೆ ನಕಲಿನ ಮೇಲೆ ಕೆಲಸ ಮಾಡುವುದು ನನ್ನ ರೂಢಿ, ನಿಮಗೂ ಅದನ್ನೇ ಹೇಳುತ್ತೇನೆ.

ಎಕ್ಸ್‌ಟೆನ್ಶನ್ನಿನ ಡೇಟಾವನ್ನು ಫೈಲ್ ಎತ್ತಿ ಹೊಸ ಪ್ರೊಫೈಲಿಗೆ ಹಾಕಿದರೆ ಬರುವುದಿಲ್ಲ. ಪ್ರತಿ ಪ್ರೊಫೈಲಿನಲ್ಲೂ ಫೈರ್‌ಫಾಕ್ಸ್ ಒಂದೊಂದು ಎಕ್ಸ್‌ಟೆನ್ಶನ್ನಿಗೆ ಬೇರೆ ಬೇರೆ ಗುರುತಿನ ಸಂಖ್ಯೆ ಕೊಡುತ್ತದೆ. ಎಷ್ಟೋ ಎಕ್ಸ್‌ಟೆನ್ಶನ್‌ಗಳ ಸಂಗ್ರಹದ ಫೋಲ್ಡರ್ ಆ ಸಂಖ್ಯೆಯ ಹೆಸರಿನಲ್ಲೇ ಇರುತ್ತದೆ. ಹೊಸದಾಗಿ ಹಾಕಿದ ಎಕ್ಸ್‌ಟೆನ್ಶನ್ ತನ್ನ ಹೊಸ ಸಂಖ್ಯೆಯ ಫೋಲ್ಡರನ್ನು ನೋಡುತ್ತದೆ, ಹಳೆಯದು ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಹಳೆಯ ಪ್ರೊಫೈಲನ್ನೇ ಪೂರ್ತಿಯಾಗಿ ಒಮ್ಮೆ ಎಬ್ಬಿಸಬೇಕು.

ವೈಫೈ ಆಫ್ ಮಾಡಿದೆ, ಆ ಕೆಟ್ಟ ಎಕ್ಸ್‌ಟೆನ್ಶನ್ ಕೂಡ ಅದೇ ಪ್ರೊಫೈಲಿನಲ್ಲಿ ಮಲಗಿತ್ತಲ್ಲ. ಪ್ರೊಫೈಲ್ಸ್ ಪುಟದಲ್ಲಿ ‘ಕ್ರಿಯೇಟ್ ಎ ನ್ಯೂ ಪ್ರೊಫೈಲ್’ ಒತ್ತಿ, ಹೆಸರು ಕೊಡುವಾಗ ‘ಚೂಸ್ ಫೋಲ್ಡರ್’ ಮೂಲಕ ಡಿ ಡ್ರೈವಿನ ನಕಲನ್ನು ತೋರಿಸಿದೆ. ಆ ಪ್ರೊಫೈಲನ್ನು ತೆರೆದಾಗ ಅವಳ ಹಳೆಯ ಫೈರ್‌ಫಾಕ್ಸ್ ಇದ್ದ ಹಾಗೇ ಬಂತು, ಟಿಪ್ಪಣಿ ಎಕ್ಸ್‌ಟೆನ್ಶನ್ ಸಮೇತ. ಒಳಗೆ ಎಲ್ಲಾ ಶಾಸನಗಳ ಟಿಪ್ಪಣಿ ಇದ್ದವು. ಎಕ್ಸ್‌ಪೋರ್ಟ್ ಮಾಡಿ ಒಂದು ಫೈಲಾಗಿ ಇಳಿಸಿಕೊಂಡು, ಹೊಸ ಪ್ರೊಫೈಲಿಗೆ ಮರಳಿ, ಎಕ್ಸ್‌ಟೆನ್ಶನ್ ಮತ್ತೆ ಹಾಕಿ ಅದಕ್ಕೆ ಇಂಪೋರ್ಟ್ ಮಾಡಿದೆ. ಹಳೆಯ ಪ್ರೊಫೈಲನ್ನು ಪಟ್ಟಿಯಿಂದ ತೆಗೆಯುವಾಗ ‘ಫೈಲ್‌ಗಳನ್ನೂ ಅಳಿಸಲೇ’ ಎಂದು ಕೇಳುತ್ತದೆ. ಆಗ ‘ಡೋಂಟ್ ಡಿಲೀಟ್ ಫೈಲ್ಸ್’ ಆರಿಸಿ. ಒಂದು ಎಚ್ಚರಿಕೆ: ಹೊಸ ಆವೃತ್ತಿಯ ಫೈರ್‌ಫಾಕ್ಸಿನಲ್ಲಿ ತೆರೆದ ಪ್ರೊಫೈಲನ್ನು ಹಳೆಯ ಆವೃತ್ತಿ ಒಪ್ಪುವುದಿಲ್ಲ. ಇದಕ್ಕಾಗಿಯೂ ನಕಲು ಬೇಕು.

ಬುಕ್‌ಮಾರ್ಕ್, ಪಾಸ್‌ವರ್ಡ್ ಕೂಡ ಹೊಸದಕ್ಕೆ ಬಾರದೆ ಹೋಗಿದ್ದರೆ, ಅವಕ್ಕೆ ಇಷ್ಟು ದೂರ ಹೋಗಬೇಕಿಲ್ಲ. ಹಳೆಯ ಫೋಲ್ಡರಿನೊಳಗೆ ‘ಬುಕ್‌ಮಾರ್ಕ್‌ಬ್ಯಾಕಪ್ಸ್’ ಎಂಬ ಫೋಲ್ಡರ್ ಇರುತ್ತದೆ. ಅದರೊಳಗಿನ ಫೈಲುಗಳ ಹೆಸರಲ್ಲೇ ದಿನಾಂಕ ಇರುತ್ತದೆ, ಅದರ ಮುಂದೆ ಅಡಿಗೆರೆ ಹಾಕಿ ಬರೆದ ಅಂಕಿ ಆ ದಿನ ಇದ್ದ ಬುಕ್‌ಮಾರ್ಕ್‌ಗಳ ಸಂಖ್ಯೆ. ಒಂದು ದಿನ 1,200 ಇದ್ದದ್ದು ಮರುದಿನ 15 ಆಗಿದ್ದರೆ ಯಾವ ದಿನ ಕಳೆದುಕೊಂಡಿರಿ ಎಂದು ಅಲ್ಲೇ ಗೊತ್ತಾಗುತ್ತದೆ. ಕಂಟ್ರೋಲ್, ಶಿಫ್ಟ್, ಓ ಒತ್ತಿ, ‘ಇಂಪೋರ್ಟ್ ಅಂಡ್ ಬ್ಯಾಕಪ್’, ‘ರಿಸ್ಟೋರ್’, ‘ಚೂಸ್ ಫೈಲ್’ ಎಂದು ಹೋಗಿ ಕಳೆಯುವ ಹಿಂದಿನ ದಿನದ್ದನ್ನು ಆರಿಸಿ. ಈಗಿರುವ ಬುಕ್‌ಮಾರ್ಕ್‌ಗಳ ಜಾಗಕ್ಕೆ ಅವು ಬರುತ್ತವೆ, ಜೊತೆಗೆ ಸೇರುವುದಿಲ್ಲ. ರಿಫ್ರೆಶ್ ಆದ ಮೇಲೆ ನಾಲ್ಕು ದಿನ ಕೆಲಸ ಮಾಡಿ ಹೊಸ ಬುಕ್‌ಮಾರ್ಕ್ ಕೂಡಿಸಿಕೊಂಡವರು ಮೊದಲು ಅವನ್ನು ಬ್ಯಾಕಪ್ ಮಾಡಿಕೊಳ್ಳಬೇಕು.

ಪಾಸ್‌ವರ್ಡ್‌ಗೆ ಎರಡು ಫೈಲು: ‘ಲಾಗಿನ್ಸ್ ಡಾಟ್ ಜೇಸನ್’ ಮತ್ತು ‘ಕೀ4 ಡಾಟ್ ಡಿಬಿ’. ಮೊದಲನೆಯದು ಪೆಟ್ಟಿಗೆ, ಎರಡನೆಯದು ಅದರ ಬೀಗದ ಕೈ. ಒಂದೇ ಫೋಲ್ಡರಿನಿಂದ ಎರಡನ್ನೂ ಒಟ್ಟಿಗೆ ಹೊಸ ಪ್ರೊಫೈಲ್ ಫೋಲ್ಡರಿಗೆ ತರಬೇಕು. ಒಂದು ಹಳೆಯದು ಒಂದು ಹೊಸದು ಆದರೆ ಪಾಸ್‌ವರ್ಡ್ ಪಟ್ಟಿ ಖಾಲಿ ಕಾಣುತ್ತದೆ. ಹಿಸ್ಟರಿ ಬೇಕಾದರೆ ‘ಪ್ಲೇಸಸ್ ಡಾಟ್ ಎಸ್‌ಕ್ಯೂಲೈಟ್’, ಇದರಲ್ಲಿ ಬುಕ್‌ಮಾರ್ಕ್ ಕೂಡ ಇವೆ. ಇದೇ ಹೆಸರಿನ ಕೊನೆಗೆ ‘ವಾಲ್’ ಎಂದಿರುವ ಫೈಲ್ ಹಳೆಯದರಲ್ಲಿ ಇದ್ದರೆ ಅದನ್ನೂ ಜೊತೆಗೆ ತನ್ನಿ. ಹೊಸದರಲ್ಲಿ ಅಂಥದ್ದಿದ್ದರೆ ಮೊದಲು ಪಕ್ಕಕ್ಕಿಡಿ. ಇದೆಲ್ಲ ಫೈರ್‌ಫಾಕ್ಸ್ ಪೂರ್ತಿ ಮುಚ್ಚಿದ ಮೇಲೆ ಮಾತ್ರ, ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಹೆಸರು ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು.

‘ಪ್ರೆಫ್ಸ್ ಡಾಟ್ ಜೆಎಸ್’ ಫೈಲನ್ನು, ‘ಎಕ್ಸ್‌ಟೆನ್ಶನ್ಸ್’ ಫೋಲ್ಡರನ್ನು ಮಾತ್ರ ತರಬೇಡಿ. ಕಾಯಿಲೆ ಇದ್ದದ್ದು ಅಲ್ಲಿ.

ಡಿಜಿಟಲ್ ಸಹಿಯ ಟೋಕನ್ ಕಾಣದಿದ್ದರೆ

ಮಂಡಿಪೇಟೆಯ ಒಂದು ಅಂಗಡಿಯ ಲೆಕ್ಕ ಬರೆಯುವ ಹಿರಿಯರು, ರಿಫ್ರೆಶ್ ಆದ ಮೇಲೆ ಯುಎಸ್‌ಬಿ ಟೋಕನ್ ಫೈರ್‌ಫಾಕ್ಸಿಗೆ ಕಾಣುತ್ತಿಲ್ಲ ಎಂದು ಬಂದರು. ಟೋಕನ್ ಸುಟ್ಟಿದೆ, ಹೊಸದು ತಗೊಳ್ಳಿ ಎಂದು ಯಾರೋ ಹೇಳಿದ್ದರಂತೆ. “ಯಜಮಾನ್ರೇ, ಟೋಕನ್ ಚೆನ್ನಾಗೈತ್ರಿ, ಬ್ರೌಸರ್‌ಗೆ ಅದರ ದಾರಿ ಮರೆತೈತಿ” ಅಂದೆ.

ಫೈರ್‌ಫಾಕ್ಸ್ ಟೋಕನ್‌ಗಳನ್ನು ತನ್ನದೇ ‘ಸೆಕ್ಯುರಿಟಿ ಡಿವೈಸಸ್’ ಪಟ್ಟಿಯಲ್ಲಿ ಗುರುತಿಟ್ಟುಕೊಳ್ಳುತ್ತದೆ. ರಿಫ್ರೆಶ್‌ನಲ್ಲಿ ಈ ಪಟ್ಟಿ ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ ಹೆಸರು ಹುಡುಕಿ, ‘ಲೋಡ್’ ಒತ್ತಿ, ಟೋಕನ್ನಿನ ಡ್ರೈವರಿನ ಡಿಎಲ್‌ಎಲ್ ಫೈಲನ್ನು ತೋರಿಸಬೇಕು. ಯಾವ ಫೈಲು, ಎಲ್ಲಿದೆ ಎಂಬುದು ಸಾಮಾನ್ಯವಾಗಿ ಯಾರಿಗೂ ನೆನಪಿರುವುದಿಲ್ಲ. ಹಳೆಯ ಫೋಲ್ಡರಿಗೆ ನೆನಪಿರುತ್ತದೆ. ಅದರಲ್ಲಿರುವ ‘ಪಿಕೆಸಿಎಸ್11’ ಎಂಬ ಟೆಕ್ಸ್ಟ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ, ‘ಲೈಬ್ರರಿ’ ಎಂದು ಶುರುವಾಗುವ ಸಾಲಿನಲ್ಲಿ ಪೂರ್ತಿ ದಾರಿ ಬರೆದಿರುತ್ತದೆ. ಅದನ್ನೇ ಹೊಸದಕ್ಕೆ ಕೊಟ್ಟೆವು, ಟೋಕನ್ ಬಂತು. ಸಹಿ ಹಾಕಲು ಯಂತ್ರದೊಳಗೇ ಓಡುವ ಸಣ್ಣ ತಂತ್ರಾಂಶ ಬಳಸುವವರು 127.0.0.1 ಎಂಬ ವಿಳಾಸಕ್ಕೆ (ಅದು ನಿಮ್ಮ ಯಂತ್ರದ್ದೇ ವಿಳಾಸ) ಹಿಂದೆ ಕೊಟ್ಟಿದ್ದ ಸರ್ಟಿಫಿಕೇಟ್ ವಿನಾಯಿತಿಯನ್ನೂ ಮತ್ತೆ ಕೊಡಬೇಕು, ಅದೂ ರಿಫ್ರೆಶ್‌ನಲ್ಲಿ ಹೋಗಿರುತ್ತದೆ. ಹಣ ಕಟ್ಟುವ ಕಿಟಕಿ ತೆರೆಯದಿದ್ದರೆ, ಆ ಸೈಟಿಗೆ ಪಾಪ್‌ಅಪ್ ಅನುಮತಿ ಮತ್ತೆ ಕೊಡಿ.

ಕ್ರೋಮ್ ಆದರೆ

ಕ್ರೋಮಿನ ರೀಸೆಟ್ ಇಷ್ಟು ಆಳಕ್ಕೆ ಇಳಿಯುವುದಿಲ್ಲ. ಬುಕ್‌ಮಾರ್ಕ್, ಹಿಸ್ಟರಿ, ಪಾಸ್‌ವರ್ಡ್ ಉಳಿಯುತ್ತವೆ. ಎಕ್ಸ್‌ಟೆನ್ಶನ್‌ಗಳು ಆರಿಹೋಗುತ್ತವೆ ಅಷ್ಟೇ, ಮತ್ತೆ ಆನ್ ಮಾಡಬಹುದು. ಆದರೆ ಕುಕಿಗಳು ಹೋಗುವುದರಿಂದ ಎಲ್ಲಾ ಸೈಟುಗಳಿಗೆ ಹೊಸದಾಗಿ ಲಾಗಿನ್ ಆಗಬೇಕು. ಡೆಸ್ಕ್‌ಟಾಪ್ ಮೇಲೆ ಹಳೆಯ ಫೋಲ್ಡರ್ ಇಡುವ ಪದ್ಧತಿಯೂ ಇಲ್ಲಿಲ್ಲ. ಬುಕ್‌ಮಾರ್ಕ್ ಕಳೆದಿದ್ದರೆ ಕ್ರೋಮನ್ನು ಕೂಡಲೇ ಮುಚ್ಚಿ. ಪ್ರೊಫೈಲ್ ಫೋಲ್ಡರಿನಲ್ಲಿ ‘ಬುಕ್‌ಮಾರ್ಕ್ಸ್ ಡಾಟ್ ಬ್ಯಾಕ್’ ಎಂಬ ಫೈಲ್ ಇರುತ್ತದೆ. ಕ್ರೋಮ್ ಮತ್ತೆ ತೆರೆದು ಬುಕ್‌ಮಾರ್ಕ್ ಏನಾದರೂ ಬದಲಾದರೆ ಅದರ ಮೇಲೂ ಹೊಸದು ಬರೆದುಬಿಡುತ್ತದೆ, ಹಾಗಾಗಿ ಮೊದಲು ಅದರ ನಕಲು ತೆಗೆದುಕೊಳ್ಳಿ.

ಪಾಸ್‌ವರ್ಡ್ ವಿಷಯದಲ್ಲಿ ಕ್ರೋಮ್ ಬೇರೆ ಜಾತಿ. ಅದರ ಬೀಗದ ಕೈ ಆ ಯಂತ್ರದ ವಿಂಡೋಸ್ ಖಾತೆಗೆ ಕಟ್ಟಿರುತ್ತದೆ. ಫೋಲ್ಡರ್ ಕಾಪಿ ಮಾಡಿಕೊಂಡಿದ್ದೇವೆ ಎಂಬ ಧೈರ್ಯದಲ್ಲಿ ವಿಂಡೋಸ್ ಫಾರ್ಮ್ಯಾಟ್ ಮಾಡಿಸಿದರೆ ಪಾಸ್‌ವರ್ಡ್ ತೆರೆಯುವುದಿಲ್ಲ. ಫಾರ್ಮ್ಯಾಟಿಗೆ ಮುಂಚೆ ಪಾಸ್‌ವರ್ಡ್ ಮ್ಯಾನೇಜರಿನಿಂದ ಎಕ್ಸ್‌ಪೋರ್ಟ್ ಮಾಡಿ, ಹೊಸದಕ್ಕೆ ಸೇರಿಸಿ, ಆ ಫೈಲನ್ನು ಅಳಿಸಿ. ಅದರಲ್ಲಿ ಪಾಸ್‌ವರ್ಡ್‌ಗಳು ಬರಿಗಣ್ಣಿಗೆ ಓದುವಂತೆ ಇರುತ್ತವೆ.

ಕೊನೆಯ ಕೆಲಸ

ಶುರುವಿನಲ್ಲಿ ಅಳಿಸಬೇಡಿ ಎಂದ ಫೋಲ್ಡರನ್ನು, ಎಲ್ಲಾ ಬಂದ ಮೇಲೆ ಅಳಿಸಲೇಬೇಕು. ಫೈರ್‌ಫಾಕ್ಸಿಗೆ ‘ಪ್ರೈಮರಿ ಪಾಸ್‌ವರ್ಡ್’ ಇಟ್ಟಿರದಿದ್ದರೆ, ಆ ಎರಡು ಫೈಲು ಸಿಕ್ಕವರ ಕೈಗೆ ನಿಮ್ಮ ಅಷ್ಟೂ ಪಾಸ್‌ವರ್ಡ್ ಸಿಕ್ಕಂತೆ. ಆನ್‌ಲೈನ್ ಅರ್ಜಿ ಹಾಕುವ ಸೆಂಟರುಗಳಲ್ಲಿ ಹತ್ತಾರು ಜನ ಕೂರುವ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ ಈ ಫೋಲ್ಡರ್ ವರ್ಷಗಟ್ಟಲೆ ಬಿದ್ದಿರುವುದನ್ನು ಕಂಡಿದ್ದೇನೆ. ಅದರಲ್ಲಿರುವುದು ಸೆಂಟರಿನವರ ಗುಟ್ಟಷ್ಟೇ ಅಲ್ಲ, ಅಲ್ಲಿ ಕೂತು ಪಾಸ್‌ವರ್ಡ್ ಉಳಿಸಿದ ರೈತರ, ವಿದ್ಯಾರ್ಥಿಗಳ ಗುಟ್ಟೂ ಹೌದು. ಡೆಸ್ಕ್‌ಟಾಪ್ ಒನ್‌ಡ್ರೈವಿಗೆ ಜೋಡಣೆಯಾಗಿದ್ದರೆ ಅದು ಅಲ್ಲಿಗೂ ಏರಿರುತ್ತದೆ, ಅಲ್ಲಿಂದಲೂ ತೆಗೆಯಿರಿ.

ವಿದ್ಯಾರ್ಥಿನಿಗೆ ಎರಡು ವಾರ ಎಲ್ಲವನ್ನೂ ತೆರೆದು ನೋಡಿ, ಒಂದು ಟಿಪ್ಪಣಿಯೂ ಕಡಿಮೆ ಇಲ್ಲ ಎಂದು ಖಾತ್ರಿಯಾದ ಮೇಲೆ ಅಳಿಸು ಎಂದಿದ್ದೆ. ಮೊನ್ನೆ ಫೋನ್ ಮಾಡಿದ್ದಳು. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದಳಂತೆ, ಡಿ ಡ್ರೈವಿನ ನಕಲನ್ನೂ ಸೇರಿಸಿ. ಟಿಪ್ಪಣಿಗಳ ಎಕ್ಸ್‌ಪೋರ್ಟ್ ಫೈಲ್ ಈಗ ಒಂದು ಪೆನ್‌ಡ್ರೈವಿನಲ್ಲಿ, ಅವಳ ಪುಸ್ತಕಗಳ ಕಪಾಟಿನಲ್ಲಿದೆ.